ಸಿಂಧನೂರಿನ ಕೆಂಪಿಗೆ ಬೆಲೆ ಬಂದ ಬೇಸಿಗೆ

ಕಳೆದ ವಾರ ತಾಡಪತ್ರಿ ಕೊಳ್ಳಲು ಸಿಂಧನೂರಿಗೆ ಹೋಗಿದ್ದೆ. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಆದರೆ ನನ್ನ ತಲೆಯೊಳಗೆ ಆಗಲೇ ಮಳೆ ಹೊಯ್ದು, ಮಾಳಿಗೆ ಸೋರಿ, ಕರೆಂಟಿನ ಮೀಟರಿಗೆ ನೀರಿಳಿದು, ಗಂಡ ಹೆಂಡತಿ ಇಬ್ಬರೂ ಬೀಗರ ಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗುವವರೆಗೆ ಕಥೆ ಮುಂದುವರಿದಿತ್ತು. ಹಾಗಾಗಿ ತಾಡಪತ್ರಿ. ಬಸ್ಸಿಳಿದು ರೈಸ್ ಮಿಲ್ಲಿನ ಹಿಂದಿನ ಓಣಿಗೆ ತಿರುಗಿದ್ದೇ ತಡ, ಕುದಿಸಿದ ಭತ್ತದ ವಾಸನೆ ಮುಖಕ್ಕೆ ಬಂತು. ಬಿಸಿ, ಸಿಹಿ, ಜತೆಗೆ ಒದ್ದೆ ಗೋಣಿಚೀಲದಂಥ ಒಂದು ಹುಳಿ. ಕಾಲು ತಾನಾಗಿಯೇ ನಿಂತಿತು. ತಾಡಪತ್ರಿ ಅಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹಾಗೇ ಇದೆ. ಮೇಲಿನ ಕೋಣೆಯಲ್ಲಿ ಈಗ ಹೊಲಿಗೆ ಕ್ಲಾಸು ನಡೆಯುತ್ತದೆ. ಮಷೀನುಗಳ ಕಟಕಟ ಓಣಿಯವರೆಗೂ ಕೇಳುತ್ತಿತ್ತು. ಆ ಕೋಣೆಯಲ್ಲಿ ನಾನು ಒಂದು ಇಡೀ ಬೇಸಿಗೆ ಬೆಳೆಯ ಕಾಲ ಕೂತಿದ್ದೆ, ನಾಟಿಯಿಂದ ಕೊಯ್ಲಿನವರೆಗೆ. ನಾಟಿ ಮಾಡಿದವರು, ಕೊಯ್ದವರು ಬೇರೆ. ನಾನು ಮಾಡಿದ್ದೇನು ಎಂದು ನಮ್ಮ ಓಣಿಯವರಿಗೆ ಇವತ್ತಿಗೂ ಬಿಡಿಸಿ ಹೇಳಲು ಆಗಿಲ್ಲ.

ಲಿಂಗಸುಗೂರಿನ ಒಂದು ಖಾಸಗಿ ಡಿಪ್ಲೊಮಾ ಕಾಲೇಜಿನಲ್ಲಿ ವರ್ಷಗಟ್ಟಲೆ ಆಪರೇಟಿಂಗ್ ಸಿಸ್ಟಮ್ ಕಲಿಸಿದವಳು ನಾನು. ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು, ಯಾವ ಕೆಲಸಕ್ಕೆ ಎಷ್ಟು ಜಾಗ, ಎಷ್ಟು ಹೊತ್ತು, ಯಾರು ಮೊದಲು ಯಾರು ಆಮೇಲೆ ಎಂದು ಹಂಚಿಕೊಡುವ ಭಾಗಕ್ಕೆ ಕರ್ನೆಲ್ ಎನ್ನುತ್ತಾರೆ. ತುಂಬಿದ ಮನೆಯ ಹಿರಿಸೊಸೆ ಇದ್ದ ಹಾಗೆ: ಎಲ್ಲರ ತಟ್ಟೆಗೂ ಅವಳ ಕೈಯಿಂದಲೇ ಬೀಳಬೇಕು, ಅವಳು ಮಾತ್ರ ಪಡಸಾಲೆಗೆ ಬರಬಾರದು. ಈ ಹೋಲಿಕೆ ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ಕರ್ನೆಲ್ಲಿನ ಒಂದೇ ಒಂದು ಸಾಲನ್ನೂ ಕಣ್ಣಾರೆ ಕಂಡಿರಲಿಲ್ಲ, ಅಷ್ಟೇ. ಹುಡುಗರು ಕಡಿಮೆಯಾಗಿ ಆ ಕೋರ್ಸೇ ಮುಚ್ಚಿತು. ನಾನು ಮನೆಯಲ್ಲಿ ಕೂತೆ. ಆಗ ವೀರೇಶ ಫೋನು ಮಾಡಿದ, ಹಿಂದೆ ನನ್ನ ಕ್ಲಾಸಿನಲ್ಲಿ ಕಡೆಯ ಬೆಂಚಿನಲ್ಲಿ ಕೂರುತ್ತಿದ್ದವನು.

“ಮೇಡಂ, ಮನ್ಯಾಗ ಕುಂತು ಏನ್ ಮಾಡಾಕತ್ತೀರಿ?”

“ಚಿಂತಿ ಮಾಡಾಕತ್ತೀನಿ.”

“ಅದನ್ನ ಇಲ್ಲಿ ಬಂದು ಮಾಡ್ರಿ. ಪಗಾರ ಕೊಡ್ತೀನಿ.”

ಕೆಲಸ ಇಷ್ಟು. ಹೈದರಾಬಾದಿನ ಒಂದು ಕಂಪನಿ ಕಾಲುವೆಯ ಗೇಟುಗಳಿಗೆ ಪೆಟ್ಟಿಗೆ ತಯಾರಿಸುತ್ತಿತ್ತು. ಪೆಟ್ಟಿಗೆಯೊಳಗೆ ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು. ಒಂದೊಂದು ಹೊಲದ ನೀರಿನ ಪಾಳಿಯ ಹೊತ್ತಿಗೆ ಅದೇ ಗೇಟು ತೆರೆಯಬೇಕು, ಅದೇ ಮುಚ್ಚಬೇಕು. ಆ ಬೋರ್ಡಿನ ಕರ್ನೆಲ್ಲನ್ನು ಹೈದರಾಬಾದಿನವರು ದಿನಾ ತಿದ್ದುತ್ತಿದ್ದರು. ತಿದ್ದಿದ್ದು ಕೆಟ್ಟಿದೆಯೋ ಸರಿಯಿದೆಯೋ ನೋಡಲು ನೂರಾರು ಸಣ್ಣ ಸಣ್ಣ ಪರೀಕ್ಷೆಗಳು. ಮನುಷ್ಯರು ಕೂತು ಮಾಡುವವಲ್ಲ, ಹೊಸ ಕರ್ನೆಲ್ ಬಂದ ಕೂಡಲೇ, ಬೋರ್ಡು ಆರಿ ಮತ್ತೆ ಎದ್ದ ಕೂಡಲೇ ತಾವಾಗಿಯೇ ಓಡುವಂಥವು. ಪಾಸಾದರೆ ಪರದೆಯ ಮೇಲೆ ಹಸಿರು, ಫೇಲಾದರೆ ಕೆಂಪು. ಆ ಓಟದ ಒಂದು ಪಾಲನ್ನು ವೀರೇಶ ಗುತ್ತಿಗೆ ಹಿಡಿದು ಸಿಂಧನೂರಿಗೆ ತಂದಿದ್ದ. ಗೋಡೆಗೆ ಮೊಳೆ ಹೊಡೆದು ಬೋರ್ಡುಗಳನ್ನು ಸಾಲಾಗಿ ನೇತುಹಾಕಿದ್ದ. ನನ್ನ ಪಾಲಿನ ಕೆಲಸ ಪರೀಕ್ಷೆಗಳನ್ನೇ ರಿಪೇರಿ ಮಾಡುವುದು. ಸುದ್ದಿ ಕೇಳಿ ನಮ್ಮನೆಯವರು, ಲಿಂಗಸುಗೂರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟವರು, ಗಿರಾಕಿಗಳ ಮುಂದೆಯೇ ಅಂದರು, “ಇಷ್ಟ್ ದಿನ ಪೇಪರ್ ತಿದ್ದತಿದ್ದಳು, ಈಗ ಪರೀಕ್ಷಾನ ತಿದ್ದಾಕ ಹೊಂಟಾಳ. ನಾಳಿಗೆ ಸರಕಾರ ತಿದ್ದತಾಳ.”

ಬೆಳಗಿನ ಬಸ್ಸು. ಲಿಂಗಸುಗೂರು ಬಿಟ್ಟರೆ ತೊಗರಿ ಕಟ್ಟಿಗೆ, ಹತ್ತಿ ಕಿತ್ತ ಹೊಲ, ಕರಿಮಣ್ಣಿನ ಬಿರುಕು. ಮಸ್ಕಿಯಲ್ಲಿ ಬಸ್ಸು ನಿಲ್ಲುತ್ತಿತ್ತು. ಡ್ರೈವರು ಮಿರ್ಚಿ ತಿನ್ನಲು ಇಳಿಯುತ್ತಿದ್ದ, ನಾನು ಗುಡ್ಡ ನೋಡುತ್ತ ಕೂರುತ್ತಿದ್ದೆ. ಮಸ್ಕಿ ದಾಟಿದ ಮೇಲೆ ಒಮ್ಮೆಲೇ ಹಸಿರು. ಕಿಟಕಿಯಿಂದ ಬರುವ ಗಾಳಿಯೂ ಬೇರೆ, ಕೆಸರಿನದು. ಒಂದು ದಿನ ಮಸ್ಕಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಪಕ್ಕದಲ್ಲಿ ಕೂತು ವಿಚಾರಿಸಿದಳು. ಕಂಪ್ಯೂಟರಿನ ಪರೀಕ್ಷೆ ಮಾಡುತ್ತೇನೆ ಎಂದೆ.

“ಪಾಸ್ ಆಕ್ಕಾವೇನವ್ವಾ?”

“ಒಮ್ಮೊಮ್ಮೆ ಆಕ್ಕಾವು, ಒಮ್ಮೊಮ್ಮೆ ಇಲ್ಲ.”

“ನಮ್ಮ ಮೊಮ್ಮಗನೂ ಹಂಗ,” ಎಂದು ಎಲೆಯಡಿಕೆ ಚೀಲ ಬಿಚ್ಚಿದಳು.

ಅವಳಿಗೆ ಹೇಳಿದ ಮಾತಿನಲ್ಲೇ ನಮ್ಮ ರೋಗವಿತ್ತು. ಸದಾ ಪಾಸಾಗುವ ಪರೀಕ್ಷೆ ಗೊತ್ತು, ಸದಾ ಫೇಲಾಗುವುದೂ ಗೊತ್ತು. ಒಮ್ಮೊಮ್ಮೆ ಫೇಲಾಗುವುದನ್ನು ಏನು ಮಾಡುತ್ತೀರಿ? ನಮ್ಮ ಕೋಣೆಯಲ್ಲಿ ದಿನವೂ ಯಾವುದಾದರೊಂದು ಬೋರ್ಡಿನಲ್ಲಿ ಕೆಂಪು ಬೀಳುತ್ತಿತ್ತು. ವೀರೇಶನ ಬಳಿ ಎಲ್ಲದಕ್ಕೂ ಒಂದೇ ಔಷಧ: “ಇನ್ನೊಮ್ಮೆ ಓಡಸ್ರಿ.” ಓಡಿಸಿದರೆ ಹಸಿರು. ಹಸಿರು ಬಂದರೆ ಚಹಾ. ಈ ಪದ್ಧತಿ ಎಷ್ಟು ರೂಢಿಯಾಗಿತ್ತೆಂದರೆ ಕೆಂಪು ಬಿದ್ದಾಗ ಯಾರೂ ಪರದೆಯನ್ನು ಓದುತ್ತಲೇ ಇರಲಿಲ್ಲ. ಕೈ ತಾನಾಗಿ ಗುಂಡಿಗೆ ಹೋಗುತ್ತಿತ್ತು. ಹೈದರಾಬಾದಿನಲ್ಲಿ ಇದೇ ಪರೀಕ್ಷೆಗಳು ಕೆಂಪಾಗುತ್ತಿರಲಿಲ್ಲ. ಹಾಗಾಗಿ ಅಲ್ಲಿಯವರ ಬಾಯಲ್ಲಿ ಸಿಂಧನೂರಿನ ಕೆಂಪು ಎಂದರೆ ನಗುವ ಮಾತು.

ಅಲ್ಲಿಯ ಪರೀಕ್ಷಾ ವಿಭಾಗದ ಮುಖ್ಯಸ್ಥರು ಸುಬ್ಬರಾವ್, ಕರ್ನೆಲ್ ತಿದ್ದುವವರಲ್ಲೂ ಒಬ್ಬರು. ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲೆಸಿದವರ ಮಗ, ಸಿಂಧನೂರಿನ ಹತ್ತಿರ ಅವರು ಕಟ್ಟಿಕೊಂಡ ಕ್ಯಾಂಪಿನಲ್ಲೇ ಹುಟ್ಟಿದವರು. ನಮ್ಮ ಕನ್ನಡವನ್ನು ತೆಲುಗಿನ ರಾಗದಲ್ಲಿ ಮಾತಾಡುತ್ತಿದ್ದರು. ನಾನು ಸೇರಿದ ಕೆಲವೇ ದಿನಕ್ಕೆ ಫೋನಿನಲ್ಲಿ ನೇರವಾಗಿಯೇ ಹೇಳಿದರು.

“ಗಿರಿಜಮ್ಮಾ, ನಂಬಿಕೆ ಇಲ್ಲದ ಕೆಂಪು ಇಟ್ಕೊಂಡು ನಾನೇನ್ ಮಾಡ್ಲಿ ಚೆಪ್ಪಂಡಿ, ನೀವೇ ಹೇಳಿ? ಬೇಸಿಗಿ ಭತ್ತ ಕೊಯ್ಲಿಗೆ ಬರೋ ತನಕ ನೋಡ್ತೀನಿ. ಆಮೇಲೆ ಆ ರೂಮು ಬಂದ್.”

ವೀರೇಶನಿಗೆ ಇನ್ನೆರಡು ವ್ಯಾಪಾರಗಳಿದ್ದವು. ನನಗೆ ನಮ್ಮನೆಯವರ ಬೀಜದಂಗಡಿಯ ಗಲ್ಲಾಪೆಟ್ಟಿಗೆ ಇತ್ತು. ಕೋಣೆ ಮುಚ್ಚಿದರೆ ನಿಜವಾಗಿ ತಟ್ಟುತ್ತಿದ್ದುದು ನನ್ನ ಜತೆ ಕೆಲಸ ಮಾಡುತ್ತಿದ್ದ ಶರಣಮ್ಮನಿಗೆ. ಜವಳಗೇರಾದ ಸೊಸೆ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಗಂಡನದು ಭತ್ತದ ಗದ್ದೆ, ಮಗಳು ಇನ್ನೂ ಅಂಗನವಾಡಿಗೆ ಹೋಗುವ ವಯಸ್ಸು. ಜವಳಗೇರಾದಿಂದ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿನಲ್ಲಿ ಹೋಗುವಷ್ಟು ದೂರದಲ್ಲಿ ಅವಳ ಓದಿಗೆ ತಕ್ಕ ಕೆಲಸವೆಂದರೆ ಇದೊಂದೇ. ಸುಬ್ಬರಾವ್ ಮಾತು ಕೇಳಿದ ದಿನ ಅವಳು ಬೋರ್ಡಿನ ವೈರು ಜೋಡಿಸುತ್ತಲೇ ಕೇಳಿದ್ದಳು.

“ಬಂದ್ ಆದ್ರ ನಾ ಏನ್ ಮಾಡ್ಬೇಕ್ರಿ ಅಕ್ಕಾರೆ? ಮತ್ತ ಕಳೆ ಕೀಳಾಕ ಹೋಗ್ಲೇನು?”

“ಬಂದ್ ಆಗಂಗಿಲ್ಲ ಬಿಡು.”

“ನೀವು ಧೈರ್ಯ ಹೇಳಾಕತ್ತೀರಿ ಅಂದ್ರ ನನಗ ಇನ್ನೂ ಅಂಜಿಕಿ ಬರಾಕತ್ತೈತ್ರಿ,” ಎಂದಳು. ಇಷ್ಟು ಬೇಗ ಅವಳಿಗೆ ನನ್ನ ಸ್ವಭಾವ ತಿಳಿದಿತ್ತು.

ಹೆಚ್ಚು ಸಲ ಕೆಂಪಾಗುತ್ತಿದ್ದುದು ನಿದ್ದೆಯ ಪರೀಕ್ಷೆ. ಒಂದು ಪ್ರೋಗ್ರಾಮಿಗೆ ‘ಒಂದು ಸೆಕೆಂಡ್ ಮಲಗು’ ಎನ್ನುವುದು, ಕರ್ನೆಲ್ ಅದನ್ನು ಹೊತ್ತಿಗೆ ಸರಿಯಾಗಿ ಎಬ್ಬಿಸಿತೋ ಎಂದು ನೋಡುವುದು. ನಮ್ಮ ಬೋರ್ಡುಗಳಲ್ಲಿ ಅದು ಒಂದು ಸೆಕೆಂಡಿಗೆ ಮಲಗಿ ಅರ್ಧ ತಾಸಿಗೆ ಏಳುತ್ತಿತ್ತು. ಇನ್ನೊಂದು ದಿನ ಒಂದು ತಾಸಿಗೆ. ಸಿಂಧನೂರಿನ ಬಿಸಿಲಿಗೆ ಬೋರ್ಡುಗಳೇ ಮೂರ್ಛೆ ಹೋಗುತ್ತಿವೆ ಎಂದು ಹೈದರಾಬಾದಿನವರು ತೀರ್ಮಾನಿಸಿದ್ದರು. ಅವರಿಗಿಂತ ಮೊದಲೇ ನಾನು ತೀರ್ಮಾನಿಸಿದ್ದೆ. ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟಿದೆ. ಬೋರ್ಡುಗಳ ಕೆಳಗೆ ಮಣ್ಣಿನ ಕೊಡದಲ್ಲಿ ನೀರಿಟ್ಟೆ. ನೀರಿನ ಪಸೆಗೆ ಬೋರ್ಡು ಹಾಳಾದರೆ ಎಂದು ಕೊಡ ತೆಗೆದು ಹೊರಗಿಟ್ಟೆ. ತಂಪು ಕಡಿಮೆಯಾಯಿತೆಂದು ಮತ್ತೆ ಒಳಗಿಟ್ಟೆ. ಮಿಲ್ಲಿನ ಹೊಟ್ಟಿನ ಧೂಳು ಕೂತಿರಬಹುದೆಂದು ಬೆಳಿಗ್ಗೆ ಹಳೆಯ ಮೇಕಪ್ ಬ್ರಷ್ಷಿನಿಂದ ಒಂದೊಂದೇ ಬೋರ್ಡು ಗುಡಿಸಿದೆ. ವೀರೇಶ ಕೈಕಟ್ಟಿ ನೋಡುತ್ತಿದ್ದ.

“ಮೇಡಂ, ಕುಂಕುಮಾ ಒಂದ್ ಹಚ್ಚಿಬಿಡ್ರಿ.”

“ನೀ ಸುಮ್ನಿರು. ಬಿಸಿಲಿಗಿ ಆಗಾಕತ್ತಿದ್ದು ಇದು.”

“ಬಿಸಿಲಿಗಾದ್ರ ಎರಡನೇ ಸಲ ಓಡಿಸಿದ್ರ ಯಾಕ ಪಾಸ್ ಆಕ್ಕಾವ್ರಿ? ಎರಡನೇ ಸಲಕ್ಕ ಸೂರ್ಯ ಏನು ನೆಳ್ಳಿಗಿ ಹೋಗಿರತಾನೇನು?”

ಕಡೆಯ ಬೆಂಚಿನವನಿಂದ ಇಂಥ ಪ್ರಶ್ನೆ ಬಂದದ್ದು ಕ್ಲಾಸಿನಲ್ಲಾಗಿದ್ದರೆ ಬೆನ್ನು ತಟ್ಟುತ್ತಿದ್ದೆ. ಅಂದು ಮಾತ್ರ ಬ್ರಷ್ಷು ಝಾಡಿಸಿ ಮುಖ ತಿರುಗಿಸಿದೆ.

ಹೊಲಗಳಲ್ಲಿ ತೆನೆ ಒಡೆಯುವ ಹೊತ್ತು. ಒಂದು ಮಧ್ಯಾಹ್ನ ನಾನು, ಶರಣಮ್ಮ ಊಟ ಮುಗಿಸಿ ಡಬ್ಬಿ ಮುಚ್ಚುತ್ತಿದ್ದೆವು. ಸುಬ್ಬರಾವ್ ಫೋನು ಬಂತು. ಪರದೆಯಲ್ಲಿ ಬೆಳಗಿನ ಒಂದು ಕೆಂಪು ಇತ್ತು, ಅದನ್ನು ಹಿಡಿದು ಅವರು ಜಾಡಿಸಲು ಶುರು ಮಾಡಿದರು.

“ಫೇಲ್ ಆಗೋಕೆ ಮುಂಚೆ ಅಲ್ಲಿ ಏನಾಯ್ತಮ್ಮಾ?”

“ಏನೂ ಆಗಿಲ್ರಿ ಸರ್.”

“ಏನೋ ಆಗಿರ್ಬೇಕಲ್ಲ.”

“ಇಲ್ರಿ, ಎಲ್ಲಾ ದಿನದಂಗ ಐತಿ. ನಾವು ಯಾರೂ ಏನೂ ಮುಟ್ಟಿಲ್ಲ.”

ಅಷ್ಟರಲ್ಲಿ ಓಣಿಯ ತುಂಬ ಮಕ್ಕಳ ಕೇಕೆ. ಕೆಳಗಿನ ತಾಡಪತ್ರಿ ಅಂಗಡಿಯಲ್ಲಿ ರೇಡಿಯೊ ನಡುವಿನಿಂದಲೇ ಹಾಡತೊಡಗಿತು. ಮಿಲ್ಲಿನ ಮೋಟರು ಗುಂಯ್ ಎಂದಿತು. ಮೆಟ್ಟಿಲ ಮೇಲೆ ನಿಂತಿದ್ದ ವೀರೇಶ, “ಬಂತು ಬಂತು!” ಎಂದು ಕೂಗಿದ.

“ಏನ್ ಬಂತು?” ಎಂದರು ಸುಬ್ಬರಾವ್.

“ಕರೆಂಟ್ ರೀ ಸರ್.”

“ಯಾವಾಗ ಹೋಗಿತ್ತು?”

“ಈಗ... ನಾವು ಊಟಕ್ಕ ಕುಂತಾಗ. ಮುಂಜಾನೇನೂ ಹೋಗಿತ್ರಿ.”

“ಮತ್ತೆ ಏನೂ ಆಗಿಲ್ಲ ಅಂದ್ರಿ?”

ಕರೆಂಟ್ ಹೋಗುವುದನ್ನು ‘ಆಗುವುದು’ ಎಂದು ನಮ್ಮಲ್ಲಿ ಯಾರು ಎಣಿಸುತ್ತಾರೆ? ಬೇಸಿಗೆಯಲ್ಲಿ ಅದು ಹೋಗುತ್ತದೆ, ಬರುತ್ತದೆ, ಉಸಿರಿನ ಹಾಗೆ. ನಾನು ಬಿಸಿಲು, ಧೂಳು, ಇಲಿ, ನೀರಿನ ಪಸೆ, ಮಿಲ್ಲಿನ ಅದುರುವಿಕೆ, ನನ್ನ ಗ್ರಹಗತಿ, ಎಲ್ಲದರ ಚಿಂತೆಯನ್ನೂ ಮಾಡಿ ಮುಗಿಸಿದ್ದೆ. ಕಣ್ಣೆದುರಿಗೇ ದಿನಾ ಹೋಗಿ ಬರುತ್ತಿದ್ದ ಕರೆಂಟಿನ ಬಗ್ಗೆ ಒಂದು ಸಲವೂ ಚಿಂತೆ ಮಾಡಿರಲಿಲ್ಲ. ಶರಣಮ್ಮ ಪರದೆಯ ಕಡೆ ಕೈ ಮಾಡಿದಳು. ಈಗಷ್ಟೇ ಹೊಸ ಕೆಂಪೊಂದು ಬಿದ್ದಿತ್ತು. ಒಂದು ಸೆಕೆಂಡಿಗೆ ಮಲಗಿದ್ದು ಎದ್ದದ್ದು ಎಷ್ಟು ತಡವಾಗಿ ಎಂದರೆ, ನಾವು ರೊಟ್ಟಿ ಬಿಚ್ಚಿ, ಪುಂಡಿಪಲ್ಯ ಹಂಚಿಕೊಂಡು, ಊಟ ಮುಗಿಸಿ, ಡಬ್ಬಿ ಮುಚ್ಚುವಷ್ಟು.

“ಅಕ್ಕಾರೆ, ಇದು ನಮ್ಮ ಊಟದ ಹೊತ್ತರೀ!”

ಆಮೇಲೆ ಬಿಡಿಸಿಕೊಳ್ಳಲು ಕಷ್ಟವಾಗಲಿಲ್ಲ. ವೀರೇಶ ಇನ್ವರ್ಟರಿಗೆ ಜೋಡಿಸಿದ್ದು ಪರೀಕ್ಷೆ ನಡೆಸುವ ದೊಡ್ಡ ಕಂಪ್ಯೂಟರನ್ನು, ಫ್ಯಾನನ್ನು ಮತ್ತು ತನ್ನ ಫೋನ್ ಚಾರ್ಜರನ್ನು. ಗೋಡೆಯ ಬೋರ್ಡುಗಳು ನೇರ ಲೈನಿನ ಮೇಲಿದ್ದವು. ನಮಗೆ ಪರದೆ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು; ಬೋರ್ಡುಗಳು ಸತ್ತು ಹುಟ್ಟುತ್ತಿದ್ದವು. ಆ ಬೋರ್ಡುಗಳಲ್ಲಿ ಗಡಿಯಾರಕ್ಕೆಂದು ಬೇರೆ ಸೆಲ್ ಇರಲಿಲ್ಲ. ಕರೆಂಟ್ ಹೋದರೆ ಅವುಗಳ ಹೊತ್ತು ಅಲ್ಲಿಗೇ ನಿಲ್ಲುತ್ತಿತ್ತು. ಮತ್ತೆ ಬಂದಾಗ ನಿಂತಲ್ಲಿಂದಲೇ ಎಣಿಕೆ. ಸ್ವಲ್ಪ ಹೊತ್ತಿಗೆ ನೆಟ್ ಸಿಕ್ಕಿ, ಹೊರಗೆ ಗಂಟೆ ಎಷ್ಟೆಂದು ಕೇಳಿ ತಿಳಿದು, ಮುಳ್ಳನ್ನು ಸರಕ್ಕನೆ ಮುಂದಕ್ಕೆ ತಿರುಗಿಸಿಕೊಳ್ಳುತ್ತಿದ್ದವು. ನಮ್ಮ ನಿದ್ದೆಯ ಪರೀಕ್ಷೆ ಅಷ್ಟರಲ್ಲಾಗಲೇ ಶುರುವಾಗಿರುತ್ತಿತ್ತು. ಮಲಗುವಾಗ ಹಳೆಯ ಮುಳ್ಳು, ಏಳುವಾಗ ಹೊಸ ಮುಳ್ಳು. ಕರ್ನೆಲ್ ಪಾಪ ಸರಿಯಾಗಿ ಒಂದೇ ಸೆಕೆಂಡಿಗೆ ಎಬ್ಬಿಸಿರುತ್ತಿತ್ತು. ಇನ್ನೊಮ್ಮೆ ಓಡಿಸಿದಾಗ ಮುಳ್ಳು ಆಗಲೇ ಸರಿಹೋಗಿರುತ್ತಿದ್ದರಿಂದ ಹಸಿರು.

ನಮ್ಮನೆಯವರು, ನಾನು ಬಸ್ಸು ತಪ್ಪಿಸಿಕೊಳ್ಳಬಾರದೆಂದು ಮನೆಯ ಗಡಿಯಾರವನ್ನು ಸದಾ ಸ್ವಲ್ಪ ಮುಂದಕ್ಕೆ ತಿರುಗಿಸಿಟ್ಟಿರುತ್ತಾರೆ. ಆ ಗಡಿಯಾರ ನೋಡಿ ಮನೆ ಬಿಟ್ಟು, ಸಿಂಧನೂರಿನ ಕೋಣೆಯ ಗಡಿಯಾರ ನೋಡಿ ಕುರ್ಚಿಯಲ್ಲಿ ಕೂತರೆ ದಾರಿ ಎಷ್ಟು ಹೊತ್ತಿನದು ಎಂದು ಯಾರಿಗೆ ಗೊತ್ತಾದೀತು? ಅಳೆಯುವವರು ಮುಳ್ಳು ನೋಡಬಾರದು. ಬೋರ್ಡು ಎದ್ದಾಗಿನಿಂದ ಒಂದೇ ಸಮನೆ ಎಣಿಸುತ್ತ ಹೋಗುವ, ಯಾರೂ ಹಿಂದೆ ಮುಂದೆ ತಿರುಗಿಸಲಾಗದ ಇನ್ನೊಂದು ಎಣಿಕೆ ಕರ್ನೆಲ್ಲಿನೊಳಗೆ ಇರುತ್ತದೆ. ನಿದ್ದೆಯ ಪರೀಕ್ಷೆಗೆ ಅದನ್ನು ಕಟ್ಟಿದೆ. ಬದಲಾದದ್ದು ಎರಡೇ ಸಾಲು. ಅವತ್ತೇ ಮೇನ್ ಸ್ವಿಚ್ಚು ತೆಗೆದು ಹಾಕಿ ನೋಡಿದೆವು. ಹಸಿರು. ಮೊದಲ ಓಟಕ್ಕೇ ಹಸಿರು.

ರುಚಿ ಹತ್ತಿದ ಮೇಲೆ ಕೈ ನಿಲ್ಲಲಿಲ್ಲ. ಉಳಿದ ಪರೀಕ್ಷೆಗಳನ್ನೂ ಒಂದೊಂದಾಗಿ ಬಿಚ್ಚಿ ಕೂತೆವು. ಕೆಲವು ‘ಎರಡು ಸೆಕೆಂಡು ಕಾಯಿ, ಅಷ್ಟರಲ್ಲಿ ಆಗಿರುತ್ತದೆ’ ಎಂಬ ನಂಬಿಕೆಯ ಮೇಲೆ ನಡೆಯುತ್ತಿದ್ದವು. ಅನ್ನ ಬೆಂದಿದೆಯೇ ಎಂದು ಗಡಿಯಾರ ನೋಡಿ ಇಳಿಸುವವರುಂಟೇ, ಅಗುಳು ಹಿಸುಕಿ ನೋಡಬೇಕು. ಆಗುವವರೆಗೆ ನೋಡುತ್ತಾ ಕಾಯುವ ಹಾಗೆ ತಿದ್ದಿದೆವು. ಕೆಲವು ತಮ್ಮ ಕೆಲಸ ಮುಗಿದ ಮೇಲೆ ಪಾತ್ರೆ ತೊಳೆಯದೆ ಎದ್ದುಹೋಗುತ್ತಿದ್ದವು. ಹಿಂದೆ ಬಂದ ಪರೀಕ್ಷೆ ಅವುಗಳ ಎಂಜಲಿನಲ್ಲಿ ಜಾರಿ ಬಿದ್ದು ಹೆಸರು ಕೆಡಿಸಿಕೊಳ್ಳುತ್ತಿತ್ತು. ಅವಕ್ಕೂ ಪಾತ್ರೆ ತೊಳೆಯಲು ಕಲಿಸಿದೆವು. ಶರಣಮ್ಮ ಬಿದ್ದ ಜಾಗ ಹುಡುಕುವುದರಲ್ಲಿ ಚುರುಕು, ನಾನು ಇನ್ನೆಲ್ಲೆಲ್ಲಿ ಬೀಳಬಹುದು ಎಂದು ಊಹಿಸುವುದರಲ್ಲಿ. ಜೀವಮಾನದ ಚಿಂತೆಗೆ ಮೊದಲ ಸಲ ಒಂದು ಉಪಯೋಗ ಸಿಕ್ಕಿತ್ತು. ‘ಹೀಗಾದರೆ?’ ಎಂದು ನಾನು ಕೇಳಿದರೆ ಮನೆಯಲ್ಲಿ ಎದ್ದುಹೋಗುತ್ತಾರೆ. ಇಲ್ಲಿ ಅದೇ ಒಂದು ಹೊಸ ಪರೀಕ್ಷೆಯಾಗುತ್ತಿತ್ತು.

ವೀರೇಶ ನಾಚಿಕೆಪಟ್ಟು ದೊಡ್ಡದೊಂದು ಇನ್ವರ್ಟರು ನೋಡಿಬಂದ. ಬೋರ್ಡುಗಳನ್ನೂ ಅದರ ಮೇಲೆ ಹಾಕೋಣ ಎಂದ. ಶರಣಮ್ಮ ಬೇಡವೆಂದಳು.

“ಯಾಕ ಬೇ? ಫೇಲ್ ಆಗೋ ತಾಪತ್ರಯನ ಇರಂಗಿಲ್ಲಲ್ಲ.”

“ಕಾಲುವಿ ಮ್ಯಾಲೆ ಗೇಟಿನ ಪೆಟಿಗಿಗೆ ಯಾರ್ ಇನ್ವರ್ಟರ್ ಕೊಡ್ತಾರ್ರಿ? ಅದು ಅಲ್ಲಿ ಹೆಂಗ ಇರತೈತೋ, ಇಲ್ಲಿ ಹಂಗ ಇರಲಿ.”

ನಾನು ಅವಳ ಕಡೆ ಸೇರಿದೆ. ಬೋರ್ಡುಗಳು ನೇರ ಲೈನಿನ ಮೇಲೇ ಉಳಿದವು.

ಭತ್ತ ಬಣ್ಣ ತಿರುಗುವ ಹೊತ್ತಿಗೆ ನಮ್ಮ ಪರದೆ ಮಸ್ಕಿಯಾಚೆಯ ಗದ್ದೆಯ ಹಾಗಿತ್ತು, ಎಲ್ಲಾ ಹಸಿರು. ನಾನು ಹೆಮ್ಮೆಯಿಂದ ಸುಬ್ಬರಾವ್‌ಗೆ ಫೋನು ಮಾಡಿದೆ. ಆ ಕಡೆಯಿಂದ ನಿಟ್ಟುಸಿರು.

“ಶಭಾಷ್ ಗಿರಿಜಮ್ಮಾ. ಆದ್ರೆ ನಂಗೆ ಇಲ್ಲೂ ಹಸಿರೇ ಬರ್ತೈತಿ. ಇಲ್ಲಿ ಬರೋ ಹಸಿರನ್ನೇ ಅಲ್ಲೊಂದ್ಸಾರಿ ನೋಡೋಕೆ ಇನ್ನೊಂದು ರೂಮು ಯಾಕೆ, ಅಂತ ಮೇಲಿನೋರು ಕೇಳ್ತಾರೆ. ಬರೋ ವಾರ ಕ್ಯಾಂಪ್‌ನಲ್ಲಿ ನನ್ನ ತಮ್ಮನ ಮಗಳ ಲಗ್ನ. ಬಂದಾಗ ಕೂತು ಮಾತಾಡಿ ಮುಗಿಸೋಣ.”

ಮುಗಿಸೋಣ ಎಂಬ ಮಾತು ಶರಣಮ್ಮನಿಗೂ ಕೇಳಿಸಿತು. ಕೆಂಪು ಬಿದ್ದರೆ ನಂಬುವುದಿಲ್ಲ, ಹಸಿರು ಬಿದ್ದರೆ ಬೇಕಿಲ್ಲ. ಅವಳು ತಾನು ಬರೆಯುತ್ತಿದ್ದ ಪರೀಕ್ಷೆಯ ಕಡೆ ತಿರುಗಿದಳು. ನಿದ್ದೆಯ ಪರೀಕ್ಷೆಯ ತಂಗಿ ಅದು. ‘ಒಂದು ಸೆಕೆಂಡ್ ಮಲಗು’ ಎನ್ನುವುದು ಬೇರೆ, ‘ಐದು ಗಂಟೆಗೆ ಎಬ್ಬಿಸು’ ಎನ್ನುವುದು ಬೇರೆ. ಮೊದಲನೆಯದಕ್ಕೆ ಮುಳ್ಳಿನ ಹಂಗಿಲ್ಲ. ಎರಡನೆಯದು ಮುಳ್ಳಿಗೇ ಕಟ್ಟಿದ್ದು. ಮುಳ್ಳು ನಾಲ್ಕರಿಂದ ಒಮ್ಮೆಲೇ ಐದೂವರೆಗೆ ಹಾರಿದರೆ ಮಲಗಿದವನನ್ನು ಆ ಕ್ಷಣವೇ ಎಬ್ಬಿಸಬೇಕು. ಕಾಲುವೆಯ ಪೆಟ್ಟಿಗೆ ಪಾಳಿಗೆ ಏಳುವುದು ಈ ಎರಡನೆಯ ರೀತಿಯಲ್ಲಿ. ಅದನ್ನು ಅಳೆಯುವ ಪರೀಕ್ಷೆಯೇ ಇರಲಿಲ್ಲ. ಇಬ್ಬರೂ ಸೇರಿ ಬರೆದು ಮುಗಿಸಿದೆವು, ಓಡಿಸಿದೆವು, ಹಸಿರು. ಎರಡು ದಿನ ಬಿಟ್ಟು ಹೈದರಾಬಾದಿನಿಂದ ಹೊಸ ಕರ್ನೆಲ್ ಬಂತು. ಮಧ್ಯಾಹ್ನ ಎಂದಿನಂತೆ ಕರೆಂಟ್ ಹೋಯಿತು, ಬಂತು. ಕೆಂಪು.

“ಇನ್ನೊಮ್ಮೆ...” ಎಂದ ವೀರೇಶ, ನನ್ನ ಮುಖ ನೋಡಿ ಗುಂಡಿಯಿಂದ ಕೈ ತೆಗೆದ.

ಶರಣಮ್ಮ ಎದ್ದು ಸ್ವಿಚ್ಚು ತೆಗೆದಳು, ಹಾಕಿದಳು. ಕೆಂಪು. ಬೇರೆ ಬೋರ್ಡು. ಕೆಂಪು. ಹಳೆಯ ಕರ್ನೆಲ್ ಹಾಕಿದರೆ ಹಸಿರು, ಹೊಸದು ಹಾಕಿದರೆ ಕೆಂಪು, ಒಂದು ಸಲವೂ ತಪ್ಪದೆ. ನನ್ನ ಜೀವಮಾನದಲ್ಲಿ ಅಷ್ಟು ಪ್ರಾಮಾಣಿಕವಾದ ಕೆಂಪನ್ನು ನಾನು ಕಂಡಿರಲಿಲ್ಲ. ಮುಳ್ಳು ಮುಂದೆ ಹಾರಿದ ಮೇಲೂ ಪ್ರೋಗ್ರಾಮು ಗೊರಕೆ ಹೊಡೆಯುತ್ತಿತ್ತು. ಆ ಹೊಸ ಕರ್ನೆಲ್ಲಿನಲ್ಲಿ ಗಡಿಯಾರದ ಭಾಗವನ್ನು ತಿದ್ದಿದವರು ಯಾರೆಂದು ಹೆಸರು ತೆಗೆದು ನೋಡಿದೆ. ಸುಬ್ಬರಾವ್.

ನಮ್ಮನ್ನು ಮುಚ್ಚಲು ಬರುತ್ತಿರುವವರು. ಇನ್ನೆರಡು ದಿನಕ್ಕೆ ಬರುತ್ತಿರುವವರು. ನಾನು ಪತ್ರ ಬರೆಯಲು ಕೂತೆ. ‘ಬಹುಶಃ ನಮ್ಮ ಕಡೆಯ ತಪ್ಪೇ ಇರಬಹುದು’ ಎಂದು ಶುರು ಮಾಡಿದೆ. ‘ತಾವು ಬಿಡುವಾದಾಗ’ ಸೇರಿಸಿದೆ. ‘ಬಹುಶಃ’ ಇನ್ನೊಂದು ಕಡೆಯೂ ಇರಲಿ ಎನ್ನಿಸಿತು. ಶರಣಮ್ಮ ಹೆಗಲ ಮೇಲಿಂದ ಬಗ್ಗಿ ಓದಿದಳು.

“ಇದೇನ್ರಿ ಅಕ್ಕಾರೆ, ಲಗ್ನಪತ್ರ ಬರದಂಗ ಬರದೀರಿ?”

“ದೊಡ್ಡೋರ ತಪ್ಪು ತೋರಸೂದು ಐತಿ. ನಿನ್ನ ಸಂಬಂಧನ ಅಂಜಾಕತ್ತೀನಿ ನಾ. ಇದರಿಂದ ನಿನ್ನ ಕೆಲಸ ಹೋದ್ರ?”

“ಅಕ್ಕಾರೆ, ನಮ್ಮ ಹೊಲದ ಪಾಳಿ ನಸುಕಿನ ಐದಕ್ಕ ಅಂದ್ರ ಐದಕ್ಕರೀ. ಪೆಟಿಗಿ ಆರೂವರಿಗೆ ಎದ್ದು ಗೇಟ್ ತೆರೀತು ಅಂದ್ರ ಅಷ್ಟ್ ಹೊತ್ತಿನ ನೀರು ನಮಗ ಯಾರ್ ಕೊಡ್ತಾರ? ಕೆಳಗಿನ ಹೊಲದೋನು ತನ್ನ ಪಾಳಿ ಬಿಡ್ತಾನೇನು? ಕೆಲಸ ಉಳಸ್ಕೊಳ್ಳಾಕ ಇದನ್ನ ಮುಚ್ಚಿಟ್ರ, ನಾಳಿಗೆ ಕಾಲುವಿ ಮ್ಯಾಲೆ ಜಗಳ ಬಿದ್ದಾಗ ನಾ ಯಾವ ಮಾರಿ ಇಟ್ಕೊಂಡು ನಿಲ್ಲಲಿ?”

ಅವಳೇ ಕೂತು ನನ್ನ ‘ಬಹುಶಃ’ಗಳನ್ನೆಲ್ಲ ಹೊಡೆದುಹಾಕಿದಳು. ಉಳಿದದ್ದು ಮೂರು ವಾಕ್ಯ: ಏನು ಮಾಡಿದೆವು, ಏನಾಯಿತು, ಏನಾಗಬೇಕಿತ್ತು. ನನ್ನ ಕೈಹಿಡಿದು ಕಳಿಸುವ ಗುಂಡಿ ಒತ್ತಿಸಿದಳು ಎಂದರೂ ತಪ್ಪಿಲ್ಲ. ಉತ್ತರ ಬರಲಿಲ್ಲ. ಎರಡು ದಿನ ನಾನು ಮಸ್ಕಿಯ ಗುಡ್ಡವನ್ನೂ ನೋಡಲಿಲ್ಲ.

ಲಗ್ನದ ದಿನ ಬೆಳಿಗ್ಗೆ ಸುಬ್ಬರಾವ್ ಮೆಟ್ಟಿಲು ಹತ್ತಿ ಬಂದರು. ಜರಿಯಂಚಿನ ಪಂಚೆ, ಹಣೆಗೆ ಕುಂಕುಮ, ಕೈಯಲ್ಲಿ ಬೆಲ್ಲದ ಅತ್ರಾಸದ ಪೊಟ್ಟಣ. ಅವರು ಅದಕ್ಕೆ ಅರಿಸೆಲು ಎಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ಏದೀ, ಎಲ್ಲಿ, ತೋರ್ಸಿ ಆ ಕೆಂಪು.”

ಶರಣಮ್ಮ ಸ್ವಿಚ್ಚು ತೆಗೆದಳು. ಬೋರ್ಡುಗಳ ಸಣ್ಣ ದೀಪಗಳು ಆರಿದವು. ಕೆಳಗೆ ಮಿಲ್ಲಿನಲ್ಲಿ ಹಬೆ ಬಿಡುವ ಸದ್ದು. ಮತ್ತೆ ಹಾಕಿದಳು. ಕೆಂಪು. ಅವರು ತಾವೇ ಮುಂದೆ ಬಂದು ಸ್ವಿಚ್ಚು ತೆಗೆದರು, ಹಾಕಿದರು. ಕೆಂಪು. ಆಮೇಲೆ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಲ್ಯಾಪ್‌ಟಾಪು ತೆಗೆದರು.

ಕ್ಯಾಂಪಿನಿಂದ ಫೋನಿನ ಮೇಲೆ ಫೋನು. “ವಸ್ತುನ್ನಾ, ವಸ್ತುನ್ನಾ” ಎಂದು, ಬಂದೇಬಿಟ್ಟೆ ಎನ್ನುವ ಹಾಗೆ, ಹೇಳಿ ಇಡುತ್ತಿದ್ದರು. ಮುಹೂರ್ತ ಮೀರೀತೆಂದು ನಾನು ಮತ್ತೆ ಮತ್ತೆ ಕೋಣೆಯ ಗಡಿಯಾರ ನೋಡುತ್ತಿದ್ದೆ. ಬೇರೆಯವರ ಮನೆಯ ಲಗ್ನದ ಚಿಂತೆಯನ್ನೂ ನಾನು ಬಿಟ್ಟವಳಲ್ಲ. ಕೊನೆಗೆ ಅವರು ತೊಡೆ ತಟ್ಟಿಕೊಂಡರು. ಮುಳ್ಳು ತಿರುಗಿದಾಗ ಮಲಗಿದವರಿಗೆಲ್ಲ ಸುದ್ದಿ ಮುಟ್ಟಿಸುವ ಒಂದು ಸಾಲು ಕರ್ನೆಲ್ಲಿನಲ್ಲಿತ್ತು. ವೇಗ ಹೆಚ್ಚಿಸಲು ಹೋಗಿ, ಇದು ಸುಮ್ಮನೆ ಭಾರ ಎಂದು ಅದನ್ನು ತೆಗೆದುಬಿಟ್ಟಿದ್ದರು.

“ನಮ್ಮ ಆಫೀಸಲ್ಲಿ ಮುಳ್ಳು ತಿರುಗೋದೇ ಇಲ್ಲಮ್ಮಾ. ಕರೆಂಟ್ ಹೋಗಿದ್ದು ನಾನು ನೋಡೇ ಎಷ್ಟೋ ಕಾಲ ಆಯ್ತು.”

ಸಾಲನ್ನು ಮರಳಿ ಹಾಕಿದರು. ಶರಣಮ್ಮನ ಕಡೆ ಕಣ್ಣು ಮಾಡಿದರು. ಅವಳು ಸ್ವಿಚ್ಚು ತೆಗೆದು ಹಾಕಿದಳು. ಒಂದು, ಎರಡು ಎಂದು ಬೋರ್ಡುಗಳು ಎದ್ದವು, ಮುಳ್ಳು ಹಾರಿತು, ಸಾಲಿಗೆ ಸಾಲು ಹಸಿರು. ಸುಬ್ಬರಾವ್ ಗೋಡೆಗೆ ಒರಗಿ ಅತ್ರಾಸದ ಪೊಟ್ಟಣ ಬಿಚ್ಚಿ ಮೊದಲನೆಯದನ್ನು ಅವಳ ಕೈಗಿಟ್ಟರು.

“ಇನ್ಮೇಲೆ ನನ್ನದಿರಲಿ, ಯಾರದಿರಲಿ, ಇಲ್ಲಿ ಹಸಿರು ಬೀಳದೆ ಒಂದು ಸಾಲೂ ಕಾಲುವೆಗೆ ಹೋಗಂಗಿಲ್ಲ,” ಎಂದರು. ಮೂಲೆಯಲ್ಲಿ ನಿಂತಿದ್ದ ವೀರೇಶ ಕೆಮ್ಮಿದ. ಮೆಟ್ಟಿಲವರೆಗೆ ಹೋದವರು ತಿರುಗಿ ನಿಂತರು. “ಶರಣಮ್ಮಾ, ಈ ಗೋಡೆಗೆ ಇನ್ನೆಷ್ಟು ಬೋರ್ಡು ಹಿಡಿಸ್ತಾವೆ? ಈಗಿರೋದರ ಮೂರು ಪಟ್ಟು ಕಳಿಸಿದ್ರೆ?”

ನಾನಾಗಿದ್ದರೆ ತಕ್ಷಣ ‘ಹಿಡೀತಾವ ಬಿಡ್ರಿ’ ಎನ್ನುತ್ತಿದ್ದೆ, ಅವರ ಮನಸ್ಸು ಬದಲಾಗುವ ಮೊದಲು. ಅವಳು ಬಾಯಲ್ಲಿದ್ದ ಅತ್ರಾಸ ನುಂಗಿ, ಎಣ್ಣೆಗೈಯನ್ನು ಸೆರಗಿಗೆ ಒರೆಸಿ, ಗೋಡೆಯ ಈ ತುದಿಯಿಂದ ಗೇಣು ಹಾಕುತ್ತ ಆ ತುದಿಯವರೆಗೆ ಹೋದಳು. ಮುಹೂರ್ತದ ಮನುಷ್ಯ ಬಾಗಿಲಲ್ಲಿ ಕಾಯುತ್ತ ನಿಂತಿದ್ದರು.

“ಸಾಲಂಗಿಲ್ರಿ ಸರ್,” ಎಂದಳು. “ದೊಡ್ಡ ರೂಮೇ ಹಿಡೀಬೇಕಾಕ್ಕೈತಿ.”